ಕಥೆ ಹೇಳಿ, ಗೊಂಬೆ ಕೇಳಿ

(ಮಕ್ಕಳಿಗಾಗಿ ನಡೆದ ಕರಕುಶಲ ಶಿಬಿರವೊಂದರ ಸಮಾರೋಪದಲ್ಲಿ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಕಥೆಯಲ್ಲಿ ಬರುವ ಪಾತ್ರವೊಂದು ಮನಸ್ಸಿಗೆ ಹಿಡಿಸಿತೆಂದರೆ ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ಅದರ ಹಿಂದೆಯೇ ಹುಟ್ಟುತ್ತದೆ. ಹನುಮಂತನ ಕಥೆ ಕೇಳಿದ ಹುಡುಗನಿಗೆ ಗದೆ ಬೇಕು. ಪುಣ್ಯಕೋಟಿಯ ಹಾಡು ಕೇಳಿದ ಹುಡುಗಿಗೆ ಹಸು ಬೇಕು, ಹಸುವಿನ ಜೊತೆಗೆ ಕರುವೂ ಬೇಕು. ಮಕ್ಕಳು ಇದನ್ನು ಹಟ ಮಾಡಿ ಕೇಳುತ್ತಾರೆ. ದೊಡ್ಡವರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ವ್ಯತ್ಯಾಸ ಅಷ್ಟೇ.

ಈಗ ಅಂಗಡಿಗೆ ಹೋದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಗೊಂಬೆಗಳು ಬೇಕಾದಷ್ಟು ಸಿಗುತ್ತವೆ. ಆದರೂ ಇಂಥ ಪಾತ್ರ, ಇಷ್ಟು ಎತ್ತರ, ಇಂಥ ಬಣ್ಣ ಎಂದು ಹೇಳಿ ಕೈಯಿಂದ ಮಾಡಿಸಿಕೊಳ್ಳುವವರಿದ್ದಾರೆ. ಮನೆಯಲ್ಲೇ ಕುಳಿತು ಕ್ರೋಶೆ ಕಡ್ಡಿ ಹಿಡಿದು, ಉಣ್ಣೆ ದಾರದಲ್ಲಿ ಕಾಮಿಕ್ಸ್ ಮತ್ತು ಸಿನಿಮಾ ಪಾತ್ರಗಳನ್ನು ಹೆಣೆದು ಮಾರುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಇದನ್ನು ಹೊಸ ಕಾಲದ ಹವ್ಯಾಸವೆಂದು ಕರೆಯುವುದು ರೂಢಿ. ಆದರೆ ತೊಗಲುಗೊಂಬೆ, ಸೂತ್ರದ ಗೊಂಬೆ, ಕಿನ್ನಾಳದ ಮರದ ಗೊಂಬೆ, ನವರಾತ್ರಿಯ ಗೊಂಬೆ, ಗಂಜೀಫಾ ಎಲೆ ಇವೆಲ್ಲ ಹುಟ್ಟಿದ್ದು ಇದೇ ಆಸೆಯಿಂದ. ಕಥೆಯ ಪಾತ್ರವನ್ನು ಕೈಯಿಂದ ಮಾಡುವ ಕೆಲಸದಲ್ಲಿ ನಾವು ಯಾರಿಗೂ ಶಿಷ್ಯರಲ್ಲ.

ಆದ್ದರಿಂದ ಇಂದು ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇನೆ. ಕಥೆಯಲ್ಲಿರುವ ಪಾತ್ರ ಮರಕ್ಕೋ ತೊಗಲಿಗೋ ಇಳಿಯುವುದು ಹೇಗೆ? ಇಳಿಯುವಾಗ ಉಳಿಯುವುದೇನು, ಕಳೆಯುವುದೇನು? ಆ ಕಸುಬು ಮುಂದುವರಿಯಬೇಕಾದರೆ ಮಾಡಿಸುವವರಾದ ನಾವು ಏನು ಮಾಡಬೇಕು?

ಗುರುತು ಮೊದಲು, ಮುಖ ಆಮೇಲೆ

ರಾಮನ ಮೂಗು ಹೇಗಿತ್ತು, ಭೀಮನ ಕಿವಿ ಎಷ್ಟು ದೊಡ್ಡದಿತ್ತು ಎಂದು ಯಾರೂ ಅಳೆದಿಟ್ಟಿಲ್ಲ. ಹಾಗಿದ್ದರೂ ರಾಮನ ಗೊಂಬೆಯನ್ನು ನೋಡಿದೊಡನೆ ಇವನು ರಾಮ ಎನ್ನುತ್ತೇವೆ. ಮುಖವನ್ನು ನೋಡಿ ಹಾಗೆ ಹೇಳುವುದಿಲ್ಲ, ಗುರುತನ್ನು ನೋಡಿ ಹೇಳುತ್ತೇವೆ. ಬಿಲ್ಲು ಹಿಡಿದವನು ರಾಮ, ಗದೆ ಹಿಡಿದ ಕಪಿ ಹನುಮಂತ, ಕೊಳಲು ಹಿಡಿದವನು ಕೃಷ್ಣ, ಹತ್ತು ತಲೆಯವನು ರಾವಣ. ಈ ಗುರುತುಗಳಿಗೇ ನಮ್ಮ ಶಿಲ್ಪಶಾಸ್ತ್ರ ಲಕ್ಷಣವೆಂದು ಹೆಸರಿಟ್ಟಿತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ, ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಬೃಹತ್ ಸಚಿತ್ರ ಗ್ರಂಥ ಇಂಥ ಲಕ್ಷಣಗಳ ಭಂಡಾರವೇ ಆಗಿದೆ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದನ್ನು ಶ್ಲೋಕದಲ್ಲಿ ಹೇಳಿ, ಪಕ್ಕದಲ್ಲಿ ಚಿತ್ರವನ್ನೂ ಬರೆಸಲಾಗಿದೆ. ಅದರ ಒಂದು ಭಾಗದ ಹೆಸರು ಕೌತುಕನಿಧಿ. ಅಲ್ಲಿ ಗಂಜೀಫಾ ಎಲೆಗಳ ಆಟಗಳ ವಿವರಣೆಯಿದೆ. ದೊರೆ ತಾವೇ ಹೊಸ ಹೊಸ ಆಟಗಳನ್ನು ರೂಪಿಸಿದ್ದರು.

ಗಂಜೀಫಾದಲ್ಲಿ ದಶಾವತಾರದ ಕಟ್ಟು ಹೆಸರುವಾಸಿಯಾದದ್ದು. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು ಎಲೆ, ಒಟ್ಟು ೧೨೦. ಅಂಗೈಯಷ್ಟೂ ಇಲ್ಲದ ಆ ದುಂಡನೆಯ ಎಲೆಯಲ್ಲಿ ಪ್ರತಿ ಸಲವೂ ಇಡೀ ಅವತಾರವನ್ನು ಬರೆಯುತ್ತಾ ಕೂರಲು ಸಾಧ್ಯವಿಲ್ಲ. ಆದ್ದರಿಂದ ರಾಜ ಮತ್ತು ಮಂತ್ರಿ ಎಲೆಗಳಲ್ಲಿ ಮಾತ್ರ ಪೂರ್ಣ ಚಿತ್ರ. ಉಳಿದ ಹತ್ತು ಎಲೆಗಳಲ್ಲಿ ಗುರುತಷ್ಟೇ. ಮತ್ಸ್ಯಾವತಾರಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಮೂರು ಕೊಡಲಿ ಕಂಡರೆ ಪರಶುರಾಮನ ಮೂರನೆಯ ಎಲೆ ಎಂದು ಆಟಗಾರನಿಗೆ ತಿಳಿಯುತ್ತದೆ. ಒಂದು ಪಾತ್ರವನ್ನು ಎಷ್ಟು ಚಿಕ್ಕದು ಮಾಡಿದರೂ ಅದು ಅದೇ ಆಗಿ ಉಳಿಯಲು ಏನು ಬೇಕೆಂಬುದಕ್ಕೆ ಇದಕ್ಕಿಂತ ಸರಳ ಪಾಠವಿಲ್ಲ. ಗುರುತು ಗಟ್ಟಿಯಾಗಿದ್ದರೆ ಉಳಿದದ್ದನ್ನೆಲ್ಲ ಮಾಡುವವನ ಕೈಗೆ ಬಿಡಬಹುದು.

ಇದು ಹಳೆಯ ಕಾಲಕ್ಕೆ ಮುಗಿದುಹೋದ ಮಾತಲ್ಲ. ೨೦೧೫ರಲ್ಲಿ 'ಬಾಹುಬಲಿ' ಚಲನಚಿತ್ರ ತೆರೆಕಂಡ ವರ್ಷ ಗಣೇಶನ ಹಬ್ಬಕ್ಕೆ ಬಾಹುಬಲಿ ಗಣಪತಿಗಳು ಬಂದವು. ಚಿತ್ರದ ನಾಯಕ ಶಿವಲಿಂಗವನ್ನು ಹೆಗಲ ಮೇಲೆ ಹೊತ್ತು ನಡೆಯುವ ದೃಶ್ಯವೊಂದಿದೆಯಷ್ಟೆ. ಮೂರ್ತಿ ಮಾಡುವವರು ಗಣಪತಿಯ ಹೆಗಲಿಗೆ ಲಿಂಗವನ್ನು ಹೊರಿಸಿದರು. ಸೊಂಡಿಲು ಹಾಗೆಯೇ ಇತ್ತು, ದೊಡ್ಡ ಕಿವಿಗಳು ಹಾಗೆಯೇ ಇದ್ದವು. ಆದರೂ ರಸ್ತೆಯಲ್ಲಿ ಹೋಗುವ ಹುಡುಗರೆಲ್ಲ ಅದನ್ನು ಬಾಹುಬಲಿ ಎಂದೇ ಗುರುತಿಸಿದರು. ಇದು ಭಕ್ತಿಗೆ ಒಪ್ಪುವುದೇ ಇಲ್ಲವೇ ಎಂಬ ಚರ್ಚೆ ಬೇರೆ. ಕಸುಬಿನ ದೃಷ್ಟಿಯಿಂದ ನೋಡಿದರೆ ಅಲ್ಲಿ ನಡೆದದ್ದು ಗಂಜೀಫಾ ಬರೆಯುವವನು ಮಾಡಿದ ಕೆಲಸವೇ. ಎರಡು ಪಾತ್ರಗಳಿಂದ ಒಂದೊಂದು ಗುರುತನ್ನು ತೆಗೆದುಕೊಂಡು ಒಂದೇ ಮೂರ್ತಿಯಲ್ಲಿ ಕೂಡಿಸಿದ್ದರು.

ವಸ್ತುವಿನ ಮಾತನ್ನೂ ಕೇಳಬೇಕು

ಗುರುತು ಯಾವುದೆಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ. ಅದನ್ನು ಯಾವುದರಲ್ಲಿ ಮಾಡುವುದು? ಒಂದೇ ಪಾತ್ರ ತೊಗಲಿನಲ್ಲಿ ಒಂದು ರೀತಿ, ಮರದಲ್ಲಿ ಇನ್ನೊಂದು ರೀತಿ ಕಾಣುತ್ತದೆ. ಅದಕ್ಕೆ ಕಾರಣ ಮಾಡುವವನ ಇಷ್ಟಾನಿಷ್ಟ ಮಾತ್ರವಲ್ಲ, ವಸ್ತುವಿನ ಸ್ವಭಾವವೂ ಹೌದು.

ತೊಗಲುಗೊಂಬೆಯನ್ನು ನೋಡೋಣ. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕೃತಿ ಬರೆದು, ಅಂಚು ಕತ್ತರಿಸಿ, ಸಣ್ಣ ಉಳಿಗಳಿಂದ ತೂತು ಕೊರೆದು, ಎರಡೂ ಬದಿಗೆ ಬಣ್ಣ ಹಾಕುತ್ತಾರೆ. ನಡುವೆ ಸೀಳಿದ ಬಿದಿರಿನ ಕಡ್ಡಿ ಸಿಕ್ಕಿಸುತ್ತಾರೆ. ಪರದೆಯ ಹಿಂದೆ ದೀಪವಿದ್ದಾಗ ಬಣ್ಣ ಬೆಳಗುತ್ತದೆ, ತೂತುಗಳು ಒಡವೆಗಳಾಗಿ ಹೊಳೆಯುತ್ತವೆ. ಇಲ್ಲಿ ಉಬ್ಬುತಗ್ಗು ತೋರಿಸುವಂತಿಲ್ಲ. ಇರುವುದು ಅಂಚಿನ ಗೆರೆ, ತೂತು, ಬಣ್ಣ ಮೂರೇ. ಆದ್ದರಿಂದಲೇ ಮುಖ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿರುತ್ತದೆ. ಪಕ್ಕದಿಂದ ನೋಡಿದಾಗ ಮೂಗು, ಗದ್ದ, ಕಿರೀಟದ ಗೆರೆ ಎದ್ದು ಕಾಣುತ್ತದೆ. ನಮ್ಮ ತೊಗಲುಗೊಂಬೆಗಳಲ್ಲಿ ಗಾತ್ರವೂ ಒಂದು ಗುರುತು. ದೇವತೆ ಮತ್ತು ರಾಜರ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಒಂದೇ ಚರ್ಮದಲ್ಲಿ ಹಲವು ಪಾತ್ರಗಳನ್ನು ಸೇರಿಸಿ ಇಡೀ ಸನ್ನಿವೇಶವನ್ನೇ ಕೊರೆದಿರುವುದೂ ಉಂಟು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳ ಕ್ರಮ ಬೇರೆ. ಅವು ಯಕ್ಷಗಾನದ ವೇಷವನ್ನೇ ಧರಿಸಿರುತ್ತವೆ. ಯಕ್ಷಗಾನದಲ್ಲಿ ತಲೆಯ ಮೇಲಿನ ಮುಂಡಾಸು, ಕೇದಗೆ ಮುಂದಲೆ, ಕಿರೀಟ ಇವುಗಳಿಂದಲೇ ಪಾತ್ರದ ಅಂತಸ್ತು, ವಯಸ್ಸು ತಿಳಿಯುತ್ತದೆ. ಕರಾವಳಿಯ ಪ್ರೇಕ್ಷಕ ಆ ಭಾಷೆಯನ್ನು ಚಿಕ್ಕಂದಿನಿಂದ ಬಲ್ಲವನು. ಗೊಂಬೆ ಮಾಡುವವನು ಹೊಸ ಗುರುತನ್ನು ಹುಡುಕಬೇಕಾಗಿಲ್ಲ. ರಂಗದ ಮೇಲಿರುವುದನ್ನು ಮರಕ್ಕೆ, ಬಟ್ಟೆಗೆ ಇಳಿಸಿದರೆ ಸಾಕು. ಆದರೆ ಆ ಗೊಂಬೆ ಕುಣಿಯಬೇಕು. ಹಾಗಾಗಿ ಹೆಗಲು, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು ಇಡುತ್ತಾರೆ. ಯಕ್ಷಗಾನದ ಹೆಜ್ಜೆ ಬಾರದ ಗೊಂಬೆ ಎಷ್ಟೇ ಚೆಂದವಿದ್ದರೂ ಅಲ್ಲಿ ಪಾತ್ರವೆನಿಸುವುದಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ಕೈ, ಕಾಲು, ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತವೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿದ ಮುದ್ದೆಗೆ ಕಿಟ್ಟ ಎನ್ನುತ್ತಾರೆ. ಅದನ್ನು ಗೊಂಬೆಯ ಮೈಗೆಲ್ಲ ಮೆತ್ತಿ, ಮೇಲೆ ಬಟ್ಟೆಯ ತುಂಡು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಹಾಕುವುದು ಸಂಪ್ರದಾಯ. ಒಡವೆಗಳನ್ನು ಅಂಟು ಬೆರೆಸಿದ ಕಲ್ಲುಪುಡಿಯಿಂದ ಉಬ್ಬಿಸುತ್ತಾರೆ. ತೊಗಲಿನಲ್ಲಿ ತೂತಾಗಿದ್ದ ಹಾರ ಇಲ್ಲಿ ಉಬ್ಬಾಗುತ್ತದೆ. ಹಾರ ಅದೇ, ವಸ್ತು ಬದಲಾದಾಗ ಅದನ್ನು ಹೇಳುವ ರೀತಿ ತಲೆಕೆಳಗಾಯಿತು.

ಚನ್ನಪಟ್ಟಣದವರ ಕಷ್ಟ ಇನ್ನೊಂದು. ಅಲ್ಲಿ ಹಾಲೆ ಮರದ ತುಂಡು ಕಡೆಯುವ ಯಂತ್ರದಲ್ಲಿ ಗಿರಗಿರನೆ ತಿರುಗುತ್ತದೆ. ಉಳಿ ಒತ್ತಿದಲ್ಲೆಲ್ಲ ದುಂಡಗಾಗುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಚೂಪು ಮೂಗು, ಚಾಚಿದ ಕೈ, ಬಿಲ್ಲಿನ ಬಾಗು ಇವು ತಿರುಗಣೆಗೆ ಒಗ್ಗುವ ಆಕಾರಗಳಲ್ಲ. ಅಲ್ಲಿ ರಾಜನೆಂದರೆ ತಲೆಯ ಮೇಲೆ ಒಂದು ಬಳೆಯಂಥ ಕಿರೀಟ, ರಾಣಿಯೆಂದರೆ ಕೆಳಗೆ ಅಗಲವಾಗುವ ಲಂಗ. ಇಷ್ಟರಲ್ಲೇ ಕೆಲಸ ಮುಗಿಯಬೇಕು. ಇದನ್ನು ಕೊರತೆ ಎಂದು ತಿಳಿಯಬೇಡಿ. ಮಗುವಿನ ಬಾಯಿಗೆ ಹೋದರೂ ಚುಚ್ಚದ ಆ ದುಂಡುತನವೇ ಚನ್ನಪಟ್ಟಣದ ಗೊಂಬೆಗೆ ಹೆಸರು ತಂದದ್ದು. ಆದರೆ ಚನ್ನಪಟ್ಟಣದ ಕುಶಲಕರ್ಮಿಯ ಬಳಿ ಹೋಗಿ ಹತ್ತು ತಲೆಯ ರಾವಣನನ್ನು ಕೊರೆದುಕೊಡಿ ಎಂದು ಕೇಳುವುದು, ತೊಗಲುಗೊಂಬೆಯವರ ಬಳಿ ಹೋಗಿ ಉರುಳುವ ಬುಗುರಿ ಕೇಳಿದಂತೆ. ಯಾವ ಪಾತ್ರ ಯಾವ ವಸ್ತುವಿಗೆ ಒದಗುತ್ತದೆಂದು ಯೋಚಿಸುವುದು ಮಾಡಿಸುವವನ ಮೊದಲ ಕರ್ತವ್ಯ.

ಕಥೆ ಹೇಳುವವನೇ ಗೊಂಬೆ ಮಾಡುತ್ತಿದ್ದ

ಈಗ ಕಳೆಯುವುದೇನು ಎಂಬ ಪ್ರಶ್ನೆಗೆ ಬರೋಣ.

ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತ ಅಥವಾ ಕಿಳ್ಳೇಕ್ಯಾತ ಸಮುದಾಯದವರು ಊರಿಂದೂರಿಗೆ ಸಂಚರಿಸುತ್ತಿದ್ದವರು. ಕಿಳ್ಳೇಕ್ಯಾತ ಎಂಬುದು ಆಟದ ನಡುವೆ ಬಂದು ನಗಿಸುವ ಹಾಸ್ಯಪಾತ್ರದ ಹೆಸರೂ ಹೌದು. ಅವನ ಹೆಂಡತಿ ಬಂಗಾರಕ್ಕ. ಒಂದು ಪಾತ್ರದ ಹೆಸರೇ ಅದನ್ನು ಆಡಿಸುವ ಜನರ ಹೆಸರಾಗಿ ನಿಂತದ್ದು ಎಂಥ ಅಪೂರ್ವ ಸಂಗತಿಯೆಂದು ಯೋಚಿಸಿ. ಪಾತ್ರಕ್ಕೂ ಅದನ್ನು ಮಾಡಿದವರಿಗೂ ನಡುವೆ ಗೋಡೆಯೇ ಇರಲಿಲ್ಲ.

ಈ ಸಂಪ್ರದಾಯದಲ್ಲಿ ಗೊಂಬೆ ಕೊರೆಯುವುದು, ಹಾಡುವುದು, ಮಾತು ಹೇಳುವುದು, ಆಡಿಸುವುದು ಎಲ್ಲವೂ ಒಂದೇ ಮನೆಯ ಕೆಲಸ. ಪಟ್ಟದಲ್ಲಿ ಕುಳಿತ ರಾಮನಿಗೆ ಒಂದು ಗೊಂಬೆ, ವನವಾಸದ ರಾಮನಿಗೆ ಇನ್ನೊಂದು. ಯಾವ ಪ್ರಸಂಗದಲ್ಲಿ ಯಾವ ಗೊಂಬೆ ಹೊರಗೆ ಬರಬೇಕೆಂಬುದು ಕೊರೆಯುವವನಿಗೆ ಗೊತ್ತು, ಏಕೆಂದರೆ ರಾತ್ರಿ ಅದನ್ನು ಆಡಿಸುವವನೂ ಅವನೇ. ಆಟ ಮುಗಿದ ಮೇಲೆ ಗೊಂಬೆಗಳನ್ನು ಪೆಟ್ಟಿಗೆಯಲ್ಲಿಡುವಾಗ ರಾಮನನ್ನೂ ರಾವಣನನ್ನೂ ಒಟ್ಟಿಗೆ ಇಡದ ರೂಢಿ ಕೆಲವು ಮೇಳಗಳಲ್ಲಿತ್ತು. ಅವರ ಪಾಲಿಗೆ ಅದು ಬರಿಯ ಚರ್ಮವಾಗಿರಲಿಲ್ಲ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಒಂದು ಜೀವಮಾನವಿಡೀ ರಾಮಾಯಣ, ಮಹಾಭಾರತಗಳನ್ನು ಪರದೆಯ ಹಿಂದೆ ಬದುಕಿದವರು. ಆ ಪ್ರಶಸ್ತಿ ನಮಗೆಲ್ಲ ಹೆಮ್ಮೆ ತಂದಿತು. ಆದರೆ ರಾತ್ರಿಯಿಡೀ ಕುಳಿತು ತೊಗಲುಗೊಂಬೆ ಆಟ ನೋಡುವ ಊರುಗಳು ಇಂದು ಎಷ್ಟಿವೆ ಎಂದು ಕೇಳಿಕೊಂಡರೆ ಉತ್ತರ ಹೇಳಲು ಬಾಯಿ ಬಾರದು.

ಪ್ರೇಕ್ಷಕರು ಕಡಿಮೆಯಾದಾಗ ಕೈ ಸುಮ್ಮನಿರುವಂತಿಲ್ಲ. ನಮ್ಮ ಗಡಿಗೆ ಹತ್ತಿರವಿರುವ ಆಂಧ್ರದ ನಿಮ್ಮಲಕುಂಟೆಯಲ್ಲಿ ಇದೇ ಕುಲಕಸುಬಿನ ಕುಟುಂಬಗಳಿವೆ. ಅಲ್ಲಿನ ದಳವಾಯಿ ಚಲಪತಿರಾಯರಿಗೆ ೨೦೨೦ರಲ್ಲಿ ಪದ್ಮಶ್ರೀ ಸಂದಿತು. ಆ ಊರಿನವರು ತೊಗಲಿನಲ್ಲಿ ದೀಪದ ಮುಸುಕುಗಳನ್ನು ಮಾಡಿ ದೇಶದ ಮೇಳಗಳಿಗೆಲ್ಲ ಕಳಿಸುತ್ತಾರೆ. ಅದೇ ಚರ್ಮ, ಅದೇ ಉಳಿ, ಅದೇ ಬಣ್ಣ, ಹಿಂದೆ ದೀಪವೂ ಇದೆ. ಇಲ್ಲದಿರುವುದು ಚಲನೆ ಮತ್ತು ಮಾತು. ಸಮುದ್ರ ಹಾರುತ್ತಿದ್ದ ಹನುಮಂತ ಈಗ ದಿವಾನಖಾನೆಯ ಮೂಲೆಯಲ್ಲಿ ದೀಪದ ಸುತ್ತ ನಿಂತಿದ್ದಾನೆ.

ಇದನ್ನು ನಾನು ಹಳಿಯುತ್ತಿಲ್ಲ. ಆ ದೀಪದ ಮುಸುಕಿನಿಂದ ಮನೆಗಳು ನಡೆಯುತ್ತಿವೆ, ಮಕ್ಕಳು ಓದುತ್ತಿದ್ದಾರೆ, ಉಳಿ ಹಿಡಿಯುವ ಕೈ ಉಳಿದಿದೆ. ಅದನ್ನು ಕೊಳ್ಳುವವರು ಪುಣ್ಯದ ಕೆಲಸವನ್ನೇ ಮಾಡುತ್ತಿದ್ದಾರೆ. ನನ್ನ ಕಳವಳ ಬೇರೆ. ಕೊಳ್ಳುವವನಿಗೆ ಅದು ಯಾವ ಪ್ರಸಂಗವೆಂದು ಬೇಕಾಗಿಲ್ಲ, ಗೋಡೆಯ ಬಣ್ಣಕ್ಕೆ ಹೊಂದಿದರೆ ಸಾಕು ಎಂದಾದಾಗ ಮಾಡುವವನಿಗೂ ಕಥೆ ಬೇಡವಾಗುತ್ತದೆ. ಹೂಬಳ್ಳಿ ಬರೆದರೂ ಅದೇ ಬೆಲೆ, ಸೇತುಬಂಧ ಬರೆದರೂ ಅದೇ ಬೆಲೆ ಎಂದರೆ ಯಾರು ತಾನೇ ಸೇತುಬಂಧ ಬರೆಯುತ್ತಾರೆ? ಒಂದು ತಲೆಮಾರಿನಲ್ಲಿ ಕೈ ಉಳಿದು ಕಥೆ ಹೋಗುತ್ತದೆ. ಇನ್ನೊಂದು ತಲೆಮಾರಿನಲ್ಲಿ, ಅದೇ ಹೂಬಳ್ಳಿಯನ್ನು ಯಂತ್ರ ಇನ್ನೂ ಅಗ್ಗವಾಗಿ ಮಾಡಿಕೊಟ್ಟಾಗ, ಕೈಯೂ ಹೋಗುತ್ತದೆ.

ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಆಟಿಕೆ, ಮೈಸೂರಿನ ಗಂಜೀಫಾ ಇವುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ೧೯೯೯ರ ಕಾಯಿದೆಯಿಂದ ಬಂದ ಈ ರಕ್ಷಣೆ ಮುಖ್ಯವಾದದ್ದು. ಬೇರೆಡೆ ತಯಾರಾದುದನ್ನು ಚನ್ನಪಟ್ಟಣದ್ದೆಂದು ಮಾರುವಂತಿಲ್ಲ. ಆದರೆ ಕಾಯಿದೆ ಕಾಯುವುದು ಊರಿನ ಹೆಸರನ್ನು. ಕಥೆಯನ್ನು ಕಾಯುವ ಕಾಯಿದೆ ಇಲ್ಲ. ಆ ಕೆಲಸ ಕೇಳುವವರದು, ಮಾಡಿಸುವವರದು.

ಲೇಖಕಿ ಹೊಲಿದ ಮೊಲ

ಇಷ್ಟು ಹೊತ್ತು ಹೇಳಿದ್ದು ಯಾರೊಬ್ಬರ ಸೊತ್ತೂ ಅಲ್ಲದ ಪುರಾಣದ ಪಾತ್ರಗಳನ್ನು ಕುರಿತು. ಆದರೆ ಇಂದಿನ ಮಕ್ಕಳು ಕೇಳುವುದು ಪುರಾಣದ ಪಾತ್ರಗಳನ್ನಷ್ಟೇ ಅಲ್ಲ. ಗೊತ್ತಾದ ಲೇಖಕರು, ಗೊತ್ತಾದ ಕಂಪೆನಿಗಳು ಸೃಷ್ಟಿಸಿದ ಪಾತ್ರಗಳೂ ಅವರಿಗೆ ಬೇಕು. ಅಂಥ ಪಾತ್ರವೊಂದು ಮೊದಲು ಗೊಂಬೆಯಾದ ಬಗೆಯನ್ನು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ.

ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ ೧೮೯೩ರಲ್ಲಿ ಕಾಯಿಲೆ ಮಲಗಿದ್ದ ಪರಿಚಯದ ಹುಡುಗನೊಬ್ಬನಿಗೆ ಚಿತ್ರಸಹಿತ ಪತ್ರವೊಂದನ್ನು ಬರೆದರು. ಪೀಟರ್ ಎಂಬ ತುಂಟ ಮೊಲದ ಕಥೆ ಅದರಲ್ಲಿತ್ತು. ೧೯೦೨ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಗಿ ಬಹು ಜನಪ್ರಿಯವಾಯಿತು. ಮರುವರ್ಷ ಪಾಟರ್ ತಾವೇ ಬಟ್ಟೆಯಲ್ಲಿ ಪೀಟರ್ ಮೊಲವನ್ನು ಹೊಲಿದರು. ಮೀಸೆಗೆ ಬ್ರಷ್ಷಿನಿಂದ ಕಿತ್ತ ಕೂದಲು, ನೆಟ್ಟಗೆ ನಿಲ್ಲಲೆಂದು ಪಾದದೊಳಗೆ ಸೀಸದ ಗುಂಡು. ೧೯೦೩ರ ಡಿಸೆಂಬರ್ ೨೮ರಂದು ಆ ಗೊಂಬೆಯನ್ನು ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ತಮ್ಮ ಹೆಸರಿಗೆ ನೋಂದಾಯಿಸಿದರು. ಪುಸ್ತಕದ ಪಾತ್ರವೊಂದರ ಗೊಂಬೆಯ ಮೇಲೆ ಸೃಷ್ಟಿಕರ್ತೆಯೇ ಹಕ್ಕು ಸ್ಥಾಪಿಸಿದ ಅತಿ ಹಳೆಯ ನಿದರ್ಶನಗಳಲ್ಲಿ ಇದೊಂದು.

ಆಕೆಗೆ ಅವಸರವಾಗಲು ಕಾರಣವಿತ್ತು. ಅಮೆರಿಕದಲ್ಲಿ ಆ ಪುಸ್ತಕದ ಗ್ರಂಥಸ್ವಾಮ್ಯವನ್ನು ಪ್ರಕಾಶಕರು ಸಕಾಲದಲ್ಲಿ ಪಡೆಯದೆ ಹೋದುದರಿಂದ ಅಲ್ಲಿ ಬೇಕಾದವರು ಮುದ್ರಿಸಿ ಮಾರಿದರು. ಗೊಂಬೆಗೂ ಅದೇ ಗತಿಯಾಗಬಾರದೆಂಬುದು ಆಕೆಯ ಎಚ್ಚರ. ಗಮನಿಸಿ, ಆಕೆ ಮಾಡಿದ್ದು ಶಿಳ್ಳೇಕ್ಯಾತರ ಮನೆಯಲ್ಲಿ ನಡೆಯುತ್ತಿದ್ದುದನ್ನೇ. ಕಥೆ ಕಟ್ಟಿದ ಕೈಯೇ ಗೊಂಬೆಯನ್ನೂ ಹೊಲಿಯಿತು. ಮೀಸೆ ಹೇಗಿದ್ದರೆ ಪೀಟರ್ ಪೀಟರ್ ಆಗುತ್ತಾನೆಂದು ಆಕೆಗಲ್ಲದೆ ಇನ್ನಾರಿಗೆ ಗೊತ್ತಿರಲು ಸಾಧ್ಯ?

ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಇದೆ. ಇಂಗ್ಲಿಷ್ ಲೇಖಕ ಎ. ಎ. ಮಿಲ್ನ್ ಅವರ ಮಗನಿಗೆ ೧೯೨೧ರಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಬಟ್ಟೆಯ ಕರಡಿಯೊಂದನ್ನು ಕೊಡಿಸಿದರು. ಮಗು ಅದರೊಡನೆ ಆಡುವುದನ್ನು ನೋಡುತ್ತ ತಂದೆ ಕಥೆ ಕಟ್ಟಿದರು. ೧೯೨೬ರಲ್ಲಿ ವಿನ್ನಿ ದ ಪೂ ಪುಸ್ತಕ ಬಂದಿತು. ಇಲ್ಲಿ ಗೊಂಬೆ ಮೊದಲು, ಪಾತ್ರ ಆಮೇಲೆ. ಸ್ವಾರಸ್ಯವೆಂದರೆ, ಚಿತ್ರ ಬರೆದ ಇ. ಎಚ್. ಶೆಪರ್ಡ್ ಮಾದರಿಯಾಗಿ ಇಟ್ಟುಕೊಂಡದ್ದು ಮಿಲ್ನ್ ಮನೆಯ ಕರಡಿಯನ್ನಲ್ಲ, ತಮ್ಮ ಸ್ವಂತ ಮಗನ ಕರಡಿಯನ್ನು. ಆ ಹಳೆಯ ಗೊಂಬೆಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಸವೆದು, ಬಣ್ಣ ಮಾಸಿ, ತೇಪೆ ಹಾಕಿಸಿಕೊಂಡು ಕುಳಿತಿವೆ. ಮಕ್ಕಳು ಸಾಲುಗಟ್ಟಿ ಹೋಗಿ ನೋಡುತ್ತಾರೆ.

ಯಾರದು ಈ ಪಾತ್ರ?

ಪಾಟರ್ ಅವರ ಎಚ್ಚರ ನಮ್ಮ ಕುಶಲಕರ್ಮಿಗಳಿಗೂ, ಮನೆಯಲ್ಲಿ ಗೊಂಬೆ ಮಾಡಿ ಮಾರುವ ಹೆಣ್ಣುಮಕ್ಕಳಿಗೂ ಸಂಬಂಧಪಟ್ಟದ್ದು. ನಮ್ಮ ೧೯೫೭ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಚಿತ್ರವನ್ನು ಮೂರು ಆಯಾಮದ ವಸ್ತುವಾಗಿ ಮಾಡುವುದೂ ಆ ಚಿತ್ರದ ಪ್ರತಿಯೇ. ಅಂದರೆ ಕಾಗದದ ಮೇಲಿರುವ ಪಾತ್ರವನ್ನು ಮರದಲ್ಲಿ ಕೆತ್ತಿ ಮಾರಲು ಚಿತ್ರದ ಒಡೆಯನ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಈ ಹಕ್ಕು ಕಲಾವಿದನ ಜೀವಮಾನ ಮತ್ತು ಆತ ತೀರಿಕೊಂಡ ಮೇಲೆ ೬೦ ವರ್ಷಗಳವರೆಗೆ ಇರುತ್ತದೆ. ಪಾಟರ್ ೧೯೪೩ರಲ್ಲಿ ತೀರಿಕೊಂಡರು. ಆಕೆಯ ಚಿತ್ರಗಳ ಅವಧಿ ಇಲ್ಲಿ ೨೦೦೩ಕ್ಕೆ ಮುಗಿಯಿತು. ಶೆಪರ್ಡ್ ತೀರಿಕೊಂಡದ್ದು ೧೯೭೬ರಲ್ಲಿ. ಅವರ ಪೂ ಚಿತ್ರಗಳ ಲೆಕ್ಕ ಇಲ್ಲಿ ೨೦೩೬ರವರೆಗೆ ಹೋಗುತ್ತದೆ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಪೂವಿನ ಮೊದಲ ಪುಸ್ತಕ ೨೦೨೨ರ ಜನವರಿ ೧ರಂದೇ ಸಾರ್ವಜನಿಕರದಾಯಿತು.

ಮನೆಯ ಮಗುವಿಗೆಂದು ತಾಯಿಯೋ ಅಜ್ಜಿಯೋ ಒಂದು ಗೊಂಬೆ ಹೊಲಿದುಕೊಟ್ಟರೆ ಅಂಜಬೇಕಾಗಿಲ್ಲ. ಖಾಸಗಿ ಬಳಕೆಯ ನ್ಯಾಯವಾದ ವ್ಯವಹಾರಕ್ಕೆ ಕಾಯಿದೆಯಲ್ಲೇ ವಿನಾಯಿತಿಯಿದೆ. ಮಾರಾಟಕ್ಕೆ ಇಳಿದಾಗ ಪ್ರಶ್ನೆ ಏಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಹಾಭಾರತದ ಭೀಮ ಯಾರ ಸೊತ್ತೂ ಅಲ್ಲ. ಅವನಿಗೆ ಗದೆ ಕೊಡಿ, ದಪ್ಪ ಮೀಸೆ ಕೊಡಿ, ಮುಂದೆ ಅನ್ನದ ರಾಶಿ ಇಡಿ, ಕೇಳುವವರಿಲ್ಲ. ಆದರೆ ೨೦೦೮ರಲ್ಲಿ ದೂರದರ್ಶನದ ಪರದೆಗೆ ಬಂದ ಛೋಟಾ ಭೀಮ್‌ನ ಲಡ್ಡು ತಿನ್ನುವ ರೂಪ ಅದನ್ನು ಸೃಷ್ಟಿಸಿದ ಹೈದರಾಬಾದಿನ ಕಂಪೆನಿಗೆ ಸೇರಿದ್ದು. ಹನುಮಂತ ಎಲ್ಲರವನು, ಒಬ್ಬ ಚಿತ್ರಕಾರ ಪುಸ್ತಕಕ್ಕೆ ಬರೆದ ಹನುಮಂತನ ಚಿತ್ರ ಆ ಚಿತ್ರಕಾರನದು. ಕಥೆಗೂ ಚಿತ್ರಕ್ಕೂ ಇರುವ ಈ ಅಂತರವನ್ನು ನಾವು ಮರೆಯುತ್ತೇವೆ. ಚಿತ್ರವನ್ನು ತೋರಿಸಿ ಇದೇ ರೀತಿ ಮಾಡಿಕೊಡಿ ಎನ್ನುವುದು ಸುಲಭ, ಈಗ ಎಲ್ಲರ ಕಿಸೆಯಲ್ಲೂ ಚಿತ್ರ ತೋರಿಸುವ ಫೋನು ಇದೆ. ಆದರೆ ಹಾಗೆ ಕೇಳಿದಾಗ ಎರಡು ಅನ್ಯಾಯವಾಗಬಹುದು. ಚಿತ್ರ ಬೇರೆಯವರದಾಗಿದ್ದರೆ ಮಾಡುವವನು ಕಾನೂನಿನ ತೊಡಕಿಗೆ ಸಿಕ್ಕುತ್ತಾನೆ. ಎರಡನೆಯದು ಇನ್ನೂ ದೊಡ್ಡದು. ತಲೆತಲಾಂತರದಿಂದ ಗುರುತು ಹಿಡಿದು ರೂಪ ಕಟ್ಟಿದ ಕೈಯನ್ನು ನಾವು ನಕಲು ಯಂತ್ರಕ್ಕೆ ಇಳಿಸಿದಂತಾಗುತ್ತದೆ. ನಕಲು ಮಾಡುವುದರಲ್ಲಿ ಯಂತ್ರವನ್ನು ಯಾವ ಕೈಯೂ ಗೆಲ್ಲಲಾರದು.

ಹಾಗಾದರೆ ಕೇಳುವುದು ಹೇಗೆ?

ಚಿತ್ರ ತೋರಿಸುವ ಬದಲು ಕಥೆ ಹೇಳಿ. ಇಂದಿನ ಮಾತಿನ ತಾತ್ಪರ್ಯ ಇಷ್ಟೇ.

ಒಂದು ಉದಾಹರಣೆ ನೋಡೋಣ. ಗೋವಿನ ಹಾಡಿನ ಪುಣ್ಯಕೋಟಿಯನ್ನು ನಿಮ್ಮ ಮಗುವಿಗೆ ಮಾಡಿಸಬೇಕೆಂದಿಟ್ಟುಕೊಳ್ಳಿ. ಪುಣ್ಯಕೋಟಿಯೂ ಒಂದು ಹಸುವೇ ತಾನೆ? ಸಂತೆಯಲ್ಲಿ ಸಿಗುವ ಯಾವ ಹಸುವಿನ ಗೊಂಬೆಗೂ ಪುಣ್ಯಕೋಟಿ ಎಂದು ಹೆಸರಿಡಬಹುದಲ್ಲ? ಇಡಬಹುದು, ಆದರೆ ಅದು ಪುಣ್ಯಕೋಟಿ ಆಗುವುದಿಲ್ಲ. ಕೊಂಬಿನಲ್ಲಾಗಲಿ ಬಣ್ಣದಲ್ಲಾಗಲಿ ಅವಳ ಗುರುತಿಲ್ಲ. ಒಂದು ಕಡೆ ಹಸಿದ ಹುಲಿ, ಇನ್ನೊಂದು ಕಡೆ ಹಸಿದ ಕರು, ನಡುವೆ ಮಾತು ಕೊಟ್ಟ ಹಸು. ಈ ಮೂವರ ನಡುವಿನ ಸಂಬಂಧವೇ ಅವಳ ಗುರುತು. ಒಂಟಿ ಗೊಂಬೆಯಾಗಿ ಅವಳನ್ನು ಮಾಡಲು ಬಾರದು.

ಈ ಕಥೆಯನ್ನು ಕಿನ್ನಾಳದ ಚಿತ್ರಗಾರರಿಗೆ ಹೇಳಿದರೆ ಅವರು ಮೂರು ಗೊಂಬೆಗಳನ್ನು ಒಂದೇ ಮಣೆಯ ಮೇಲೆ ನಿಲ್ಲಿಸುವುದನ್ನು ಯೋಚಿಸಬಹುದು. ಹಸು ಯಾವ ಕಡೆ ಮುಖ ಮಾಡಿರಬೇಕು? ಕರುವಿನ ಕಡೆ ತಿರುಗಿದ್ದರೆ ಅದು ವಿದಾಯದ ಗಳಿಗೆ. ಹುಲಿಯ ಕಡೆ ತಿರುಗಿದ್ದರೆ ಅದು ಸತ್ಯದ ಗಳಿಗೆ. ತೊಗಲುಗೊಂಬೆಯವರಿಗೆ ಹೇಳಿದರೆ ಒಂದೇ ಚರ್ಮದಲ್ಲಿ ಹಸುವನ್ನೂ ಕರುವನ್ನೂ ಸೇರಿಸಿ ಕೊರೆದು, ಹುಲಿಯನ್ನು ಬೇರೆ ಮಾಡಬಹುದು. ಚನ್ನಪಟ್ಟಣದಲ್ಲಿ ಹೇಳಿದರೆ ದುಂಡು ಹಸು, ದುಂಡು ಕರು, ಪಟ್ಟೆ ಪಟ್ಟೆಯ ದುಂಡು ಹುಲಿ. ಹುಲಿಯ ಪಟ್ಟೆಗಳು ತಿರುಗಣೆಗೆ ಎಷ್ಟು ಸಲೀಸೆಂದು ಹೇಳಬೇಕಾಗಿಲ್ಲ. ಕ್ರೋಶೆ ಹಾಕುವ ಹೆಣ್ಣುಮಗಳಿಗೆ ಹೇಳಿದರೆ ಕರುವನ್ನು ಹಸುವಿನ ಹೊಟ್ಟೆಯಡಿ ಗುಂಡಿ ಹಾಕಿ ಸೇರಿಸಿ, ಬೇಕೆಂದಾಗ ಬಿಡಿಸುವಂತೆ ಮಾಡಬಹುದು. ನಾಲ್ಕು ಕೈಗಳಿಂದ ನಾಲ್ಕು ಪುಣ್ಯಕೋಟಿಗಳು ಬರುತ್ತವೆ, ಯಾವುದೂ ಇನ್ನೊಂದರ ನಕಲಲ್ಲ. ಅವಳು ಯಾವ ಕಂಪೆನಿಯ ಸೊತ್ತೂ ಅಲ್ಲವಾದುದರಿಂದ ಅವರು ಎಷ್ಟು ಬೇಕಾದರೂ ಮಾಡಿ ಮಾರಬಹುದು.

ಇದಕ್ಕೆ ಸಮಯ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಕೈಯಿಂದ ಮಾಡಿದ ಒಂದು ಗೊಂಬೆಯ ಹಣಕ್ಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನವು ನಾಲ್ಕೋ ಐದೋ ಬರಬಹುದು. ಎಲ್ಲ ಮನೆಗೂ ಇದು ಸಾಧ್ಯವಾಗದು. ಆದರೆ ನಮ್ಮ ಹಿರಿಯರು ವರ್ಷಕ್ಕೊಂದು ಗೊಂಬೆ ಕೂಡಿಸಿದರೆ ಸಾಕು ಎಂದು ತಿಳಿದಿದ್ದರು. ನವರಾತ್ರಿಯ ಗೊಂಬೆಮೆಟ್ಟಿಲು ಒಂದೇ ದಿನದಲ್ಲಿ ತುಂಬಿದ್ದಲ್ಲ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳ ಜೋಡಿಯಿಂದ ಆರಂಭವಾಗಿ, ಅಂಗಡಿ ಹಾಕಿ ಕುಳಿತ ಶೆಟ್ಟಿ ದಂಪತಿ, ಆಮೇಲೆ ದಶಾವತಾರ, ಆಮೇಲೆ ರಾಮಾಯಣದ ಪ್ರಸಂಗಗಳು ಹೀಗೆ ವರ್ಷ ವರ್ಷವೂ ಸೇರುತ್ತ ಹೋಗುತ್ತಿದ್ದವು. ಗೊಂಬೆ ನೋಡಲು ಬಂದ ನೆರೆಮನೆಯ ಮಕ್ಕಳಿಗೆ ಮನೆಯ ಹೆಂಗಸರು ಇದು ಯಾರು, ಅದು ಯಾವ ಕಥೆ ಎಂದು ಹೇಳಿ ಗೊಂಬೆ ಬಾಗಿನ ಕೊಟ್ಟು ಕಳಿಸುತ್ತಿದ್ದರು. ಬಾಗಿನದ ತಿಂಡಿಯ ಆಸೆಗೆ ಬಂದ ಮಕ್ಕಳು ಕಥೆಯನ್ನೂ ಕಿವಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರ ಪೈಕಿ ಕೆಲವರು ಮುಂದೆ ಗೊಂಬೆ ಮಾಡಿಸುವವರಾದರು. ಕಸುಬು ಉಳಿದುಬಂದ ದಾರಿ ಅದು.

ಈ ಶಿಬಿರದಲ್ಲಿ ಮಕ್ಕಳು ಮಾಡಿದ ಬಟ್ಟೆಯ ಗೊಂಬೆಗಳನ್ನು ಆಚೆಯ ಮೇಜಿನ ಮೇಲೆ ಜೋಡಿಸಿದ್ದಾರೆ. ಕೆಲವಕ್ಕೆ ಕಣ್ಣು ಸೊಟ್ಟಗಿದೆ, ಕೆಲವಕ್ಕೆ ಕಾಲು ಗಿಡ್ಡ. ಹೊರಡುವ ಮೊದಲು ತಾವು ಅಲ್ಲಿಗೆ ಹೋಗಬೇಕೆಂದು ಕೋರುತ್ತೇನೆ. ಚೆನ್ನಾಗಿದೆ ಎಂದು ಬೆನ್ನು ತಟ್ಟಿದರೆ ಸಾಲದು. ಇದು ಯಾರು, ಇವರ ಕಥೆ ಏನು ಎಂದು ಕೇಳಿ. ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಮುಂದಿನ ಸಲ ಚನ್ನಪಟ್ಟಣಕ್ಕೋ ಕಿನ್ನಾಳಕ್ಕೋ ಹೋದಾಗ ಆ ಮಗುವನ್ನೂ ಜೊತೆಗೆ ಕರೆದೊಯ್ದು, ಗೊಂಬೆ ಮಾಡುವವರಿಗೆ ಕಥೆಯನ್ನು ಅದರ ಬಾಯಿಂದಲೇ ಹೇಳಿಸಿ.